ಬೆರಳು ತೋರಿಸಿ ಉಣ್ಣುವ ಅಂಗಡಿ

ಹೋದ ತಿಂಗಳು ಒಂದು ಮಧ್ಯಾಹ್ನ ಲಂಡನ್ನಿನ ಹೇಸ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಆಸ್ಪತ್ರೆಯ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬಳು ಊಟದ ಡಬ್ಬಿ ತೆರೆದಳು. ಮುಚ್ಚಳ ಎದ್ದ ಕೂಡಲೇ ಆ ವಾಸನೆ ಬಂತು. ಬೆಳ್ಳುಳ್ಳಿ, ಹಾಗಲಕಾಯಿ, ಕುಂಬಳಕಾಯಿ. ಅವುಗಳ ಅಡಿಯಲ್ಲಿ ಸಮುದ್ರದ್ದು ಎಂದು ಥಟ್ಟನೆ ಗೊತ್ತಾಗುವ ಉಪ್ಪು ವಾಸನೆ. ಕೂತಿದ್ದ ಇಬ್ಬರು ಮೂಗು ಮುಚ್ಚಿಕೊಂಡು ಎದ್ದು ಆಚೆ ಹೋದರು. ನಾನು ಏಳಲಿಲ್ಲ. ಬಾಯಲ್ಲಿ ನೀರೂರಿತು, ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ. ರೈಲು ಬಂತು, ಹೋಯಿತು. ನಾನು ಅಲ್ಲೇ ಕೂತಿದ್ದೆ...

ಆ ವಾಸನೆ ನನಗೆ ಪರಿಚಯವಾದದ್ದು ಫಿಲಿಪೀನ್ಸಿನ ಇನ್ನೊಬ್ಬ ಹೆಣ್ಣುಮಗಳ ಅಡುಗೆಯಿಂದ. ಆಕೆಯ ಅಂಗಡಿಗೆ ಬಂದವರೆಲ್ಲ ಆಕೆಯನ್ನು ತಮ್ಮ ಭಾಷೆಯಲ್ಲಿ ಅಕ್ಕ ಎಂದೇ ಕರೆಯುತ್ತಿದ್ದರು. ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು, ಆದರೂ ನನಗೂ ಅಕ್ಕನೇ ಆದಳು.

ನಾನು ಈ ದೇಶಕ್ಕೆ ಬಂದದ್ದು ಹೆಂಡತಿಯ ಹಿಂದೆ. ಅವಳು ಧಾರವಾಡದವಳು, ನರ್ಸ್. ನಾನು ವಿಜಯಪುರದ ಕಡೆಯವನು, ಓದಿದ್ದು ಹೈಸ್ಕೂಲು. ಏರ್‌ಪೋರ್ಟ್ ಹತ್ತಿರದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸಿ ರಿಟೈರ್ ಆದೆ. ನಮಗೆ ಮಕ್ಕಳಾಗಲಿಲ್ಲ. ಅವಳು ತೀರಿಕೊಂಡಾಗ ನಮ್ಮ ಕನ್ನಡದ ಜನ ಕೈಬಿಡಲಿಲ್ಲ. ಹದಿನೈದು ದಿನ ಮನೆ ತುಂಬ ಜನ, ಡಬ್ಬಿಗಟ್ಟಲೆ ಚಪಾತಿ, ಪಲ್ಯ. ಆಮೇಲೆ ಅವರವರ ಡ್ಯೂಟಿ ಅವರವರಿಗೆ. ಯಾರ ತಪ್ಪೂ ಅಲ್ಲ. ಆದರೆ ಭಾನುವಾರ ಬಂತೆಂದರೆ ನನಗೆ ಹೆದರಿಕೆಯಾಗುತ್ತಿತ್ತು. ಒಂದಕ್ಕೊಂದು ಅಂಟಿಕೊಂಡ ಟೆರೇಸ್ ಮನೆಗಳು, ನಡುವಿನ ಗೋಡೆಗಳು ತೆಳು. ಒಂದು ಕಡೆಯಿಂದ ಕುಕ್ಕರಿನ ಸೀಟಿ, ಇನ್ನೊಂದು ಕಡೆಯಿಂದ ಮೊಮ್ಮಕ್ಕಳ ಗದ್ದಲ. ನಡುವೆ ನಾನು, ಅನ್ನಕ್ಕೆ ಮೊಸರು ಕಲಸಿಕೊಂಡು, ನಿಂತುಕೊಂಡೇ ತಿನ್ನುತ್ತಿದ್ದೆ.

ಇನ್ನೊಂದು ಮಾತು ಹೇಳಿಬಿಡಬೇಕು. ನಮ್ಮ ಜನರಲ್ಲಿ ನನಗೊಂದು ಮರ್ಯಾದೆ ಇತ್ತು. ಮೈಸೂರು, ಬೆಂಗಳೂರಿನ ಡಾಕ್ಟರುಗಳ ನಡುವೆ ಗೋದಾಮಿನ ಆಳಿಗೆ ಬೇರೆ ಏನು ಮರ್ಯಾದೆ ಸಿಕ್ಕೀತು? ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಇಷ್ಟು ವರ್ಷ ಲಂಡನ್ನಿನಲ್ಲಿದ್ದೂ ಮೊಟ್ಟೆ ಸಹ ಮುಟ್ಟಿಲ್ಲ ಎಂಬ ಹೆಸರು. ಅದೇ ನನ್ನ ಡಿಗ್ರಿ. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ದೀಪ ಹಚ್ಚಲು ನನ್ನನ್ನೇ ಕರೆಯುತ್ತಿದ್ದರು. ಒಮ್ಮೆ ಪಿಕ್ನಿಕ್ಕಿನಲ್ಲಿ ಹೊಸದಾಗಿ ಬಂದ ಹುಡುಗನೊಬ್ಬ ಚಿಕನ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಎಲ್ಲರೆದುರು ಬೈದಿದ್ದೆ. "ನಿಮ್ಮವ್ವಗ ಫೋನ್ ಹಚ್ಚಿ ಹೇಳ್ಲೇನು?" ಅಂದಿದ್ದೆ. ಎಲ್ಲರೂ ನಕ್ಕಿದ್ದರು. ಅವನು ಅರ್ಧ ತಿಂದದ್ದನ್ನು ಚೀಲಕ್ಕೆ ಹಾಕಿಕೊಂಡಿದ್ದ.

ಹೆಂಡತಿ ಹೋಗಿ ಮೂರು ತಿಂಗಳಾಗಿರಬೇಕು. ಒಂದು ಭಾನುವಾರ ಹಾಗಲಕಾಯಿ ಹುಡುಕಿಕೊಂಡು ಹೈಸ್ಟ್ರೀಟಿನ ಪಕ್ಕದ ಗಲ್ಲಿಯ ಫಿಲಿಪಿನೋ ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯ ಹಿಂಭಾಗದಲ್ಲಿ ಒಂದು ಕೋಣೆ, ಆರು ಟೇಬಲ್ಲು, ಹೂವಿನ ಪ್ಲಾಸ್ಟಿಕ್ ಹಾಸು. ಚರ್ಚು ಮುಗಿಸಿ ಬಂದ ಸಂಸಾರಗಳು ಟೇಬಲ್ಲುಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಉಣ್ಣುತ್ತಿದ್ದವು. ಅಜ್ಜಿಯರು ಮಕ್ಕಳ ಬಾಯಿಗೆ ತುತ್ತಿಡುತ್ತಿದ್ದರು. ಗಂಡಸರು ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್ ಹಿಡಿದು ಅನ್ನ ಒತ್ತರಿಸುತ್ತಿದ್ದರು. ಹಾಗಲಕಾಯಿ ಕೈಯಲ್ಲಿ ಹಿಡಿದು ನಾನು ಬಾಗಿಲಲ್ಲಿ ನಿಂತುಬಿಟ್ಟಿದ್ದೆ. ಸೌಟು ಹಿಡಿದ ಗುಂಡು ಮುಖದ ಹೆಂಗಸು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು. ಅವಳೇ ಅಕ್ಕ.

"ಊಟ ಆಯಿತಾ ಸರ್? ಬನ್ನಿ, ಉಣ್ಣೋಣ."

ಉಣ್ಣುತ್ತಿರುವಾಗ ಯಾರಾದರೂ ಕಣ್ಣಿಗೆ ಬಿದ್ದರೆ ಹಾಗೆ ಕರೆಯುವುದು ಅವರ ರೂಢಿ ಎಂದು ನನಗೆ ಆಮೇಲೆ ಗೊತ್ತಾಯಿತು. ಬಹಳ ಜನ ಥ್ಯಾಂಕ್ಸ್ ಹೇಳಿ ಮುಂದೆ ಹೋಗುತ್ತಾರೆ. ನಾನು ಹೋಗಲಿಲ್ಲ. ಎಷ್ಟೋ ವಾರಗಳಿಂದ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಅಲ್ಲಿ ಮೆನು ಇರಲಿಲ್ಲ. ಗಾಜಿನ ಹಿಂದೆ ಸ್ಟೀಲಿನ ಟ್ರೇಗಳು. ಬೇಕಾದ್ದಕ್ಕೆ ಬೆರಳು ತೋರಿಸಿದರೆ ಅಕ್ಕ ಬಡಿಸುತ್ತಿದ್ದಳು. ಒಂದರಲ್ಲಿ ಹಂದಿಮಾಂಸ, ಇನ್ನೊಂದರಲ್ಲಿ ಹುಳಿಸಾರಿನಲ್ಲಿ ಮೀನು. ನಾನು ಮಾಂಸ ತಿನ್ನುವುದಿಲ್ಲ ಎಂದೆ. ಕೊನೆಯ ಟ್ರೇ ತರಕಾರಿಯದು. ಬದನೆ, ಬೆಂಡೆ, ಕುಂಬಳ, ಹಾಗಲ, ಉದ್ದನೆಯ ಅಲಸಂದೆ. ನನ್ನ ಅವ್ವನ ಹಿತ್ತಿಲೇ ಆ ಟ್ರೇಯೊಳಗೆ ಬಂದು ಕೂತಂತಿತ್ತು. ಬೆರಳು ತೋರಿಸಿದೆ. ಅಕ್ಕ ಸೌಟು ಕೆಳಗಿಟ್ಟು ಶೆಲ್ಫಿನಿಂದ ಒಂದು ಜಾಡಿ ತೆಗೆದು ತೋರಿಸಿದಳು. ನಮ್ಮ ಕೆಂಪು ಮೆಣಸಿನಕಾಯಿ ಹಿಂಡಿಯಂಥದೇ ಬಣ್ಣ.

"ಸರ್, ಇದರೊಳಗೆ ಮಾಂಸ ಇಲ್ಲ. ಆದರೆ ಸಣ್ಣ ಸಿಗಡಿ ಅರೆದು ಹಾಕಿದೆ. ಇದಿಲ್ಲದೆ ನಾವು ಈ ಪಲ್ಯ ಮಾಡುವುದಿಲ್ಲ. ಓಕೆ?"

ನಾನು ಹಿಂದೆ ತಿರುಗಿ ನೋಡಿದೆ. ನಮ್ಮವರು ಯಾರೂ ಇರಲಿಲ್ಲ.

"ಓಕೆ" ಅಂದೆ.

ಇದನ್ನು ಸರಿಯಾಗಿ ಓದಿಕೊಳ್ಳಬೇಕು. ಅವಳು ಜಾಡಿ ಎತ್ತಿ ತೋರಿಸಿದಳು, ನಾನು ಓಕೆ ಅಂದೆ.

ಒಂದೂವರೆ ವರ್ಷ ಪ್ರತಿ ಭಾನುವಾರ ಹೋದೆ. ಅಲ್ಲಿ ಒಬ್ಬರೇ ಕೂತು ಉಣ್ಣಲು ಬಿಡುತ್ತಿರಲಿಲ್ಲ. ಯಾವುದಾದರೂ ಸಂಸಾರ ಕುರ್ಚಿ ಎಳೆದು ನನ್ನನ್ನು ತಮ್ಮ ಟೇಬಲ್ಲಿಗೆ ಸೇರಿಸಿಕೊಳ್ಳುತ್ತಿತ್ತು. ಮಕ್ಕಳು ಬಂದು ನನ್ನ ಕೈ ಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದವು, ಹಿರಿಯರಿಗೆ ಅವರು ನಮಸ್ಕಾರ ಮಾಡುವುದು ಹಾಗೆ. ವಾರವಿಡೀ ನನ್ನ ಕೈಯನ್ನು ಇನ್ನೊಬ್ಬರು ಮುಟ್ಟುತ್ತಿದ್ದದ್ದು ಅದೊಂದೇ ಸಲ. ಹೊರಡುವಾಗ ಅಕ್ಕ ಒಂದಿಷ್ಟು ಅನ್ನ, ಪಲ್ಯ ಕಟ್ಟಿ ಕೈಗಿಡುತ್ತಿದ್ದಳು, ಬೇಡವೆಂದರೂ.

ಹಲ್ಲಿಲ್ಲದ ಒಬ್ಬ ಅಜ್ಜಿ ನನ್ನನ್ನು ಬಹಳ ಕಾಡುತ್ತಿದ್ದಳು. "ನಿನಗೊಂದು ಹೆಣ್ಣು ನೋಡಿದ್ದೇನೆ. ಒಳ್ಳೆಯವಳು. ಆದರೆ ಹಂದಿ ತಿನ್ನಬೇಕಾಗುತ್ತದೆ!" ಇಡೀ ಕೋಣೆ ನಗುತ್ತಿತ್ತು. ಅಕ್ಕ ಒಳಗಿನಿಂದಲೇ ಕೂಗುತ್ತಿದ್ದಳು: "ಅವಸರ ಮಾಡಬೇಡ ಅಜ್ಜಿ! ಇನ್ನೂ ಸಿಗಡಿವರೆಗಷ್ಟೇ ಬಂದಿದ್ದಾರೆ!" ನಾನೂ ನಗುತ್ತಿದ್ದೆ. ಮನೆಗೆ ಬಂದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂರುತ್ತಿದ್ದೆ. ದೇವರ ಮುಂದೆ ನನಗೆ ಅಷ್ಟೇನೂ ಅಳುಕು ಇರಲಿಲ್ಲ. ಅಳುಕಿದ್ದದ್ದು ನಮ್ಮ ಜನರ ಮುಂದೆ.

ಹೀಗಿರುವಾಗ ಅಕ್ಕನ ಅಡುಗೆ ನಮ್ಮವರಿಗೂ ಸ್ವಲ್ಪ ಸ್ವಲ್ಪ ಪರಿಚಯವಾಗಿತ್ತು. ಆಸ್ಪತ್ರೆಯ ನರ್ಸುಗಳ ಮೂಲಕ ಹೋದ ಸುದ್ದಿ. ಕೊಲಿಂಡೇಲ್‌ನಲ್ಲಿ ಹೊಸ ಫ್ಲಾಟ್ ತೆಗೆದುಕೊಂಡ ಜೋಡಿಯೊಂದು ಗೃಹಪ್ರವೇಶದ ಸಂಜೆಗೆ ತರಕಾರಿ ನೂಡಲ್ಸ್ ಹೇಳಿತ್ತು. ತರಕಾರಿಗೆ ಈರುಳ್ಳಿ, ಉಪ್ಪು ಸಾಕು, ಸಿಗಡಿ, ಮೀನು ಏನೂ ಹಾಕುವುದಿಲ್ಲ, ಬಾಣಲೆಯೂ ಹೊಸದು ಎಂದು ಅಕ್ಕ ನನ್ನೆದುರಿಗೇ ಫೋನಿನಲ್ಲಿ ಮಾತು ಕೊಟ್ಟಿದ್ದಳು. "ನಿಮ್ಮ ಜನ ಸರ್!" ಎಂದು ಹಿಗ್ಗಿದ್ದಳು.

ಆ ಭಾನುವಾರ ನಾನು ಅಜ್ಜಿಯ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದೆ. ಬಾಗಿಲಲ್ಲಿ ನಮ್ಮ ಕೂಟದ ಡಾಕ್ಟರ ಸಂಸಾರ ಕಾಣಿಸಿತು. ಮೈಸೂರಿನವರು. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು.

"ಏನ್ ಸಾರ್, ಒಳ್ಳೇ ಜಾಗ ಹಿಡ್ಕೊಂಡು ನಮಗೆ ಹೇಳೇ ಇಲ್ವಲ್ಲ!" ಎಂದು ಡಾಕ್ಟರು ನನ್ನ ಬೆನ್ನು ತಟ್ಟಿದರು.

"ಅಂಕಲ್ ಇಲ್ಲಿ ಊಟ ಮಾಡ್ತಾರೆ ಅಂದ್ಮೇಲೆ ಕಣ್ಣು ಮುಚ್ಕೊಂಡು ತಿನ್ಬೋದು" ಅಂದರು ಅವರ ಹೆಂಡತಿ.

ಮಗಳಿಗೆ ಸಿಗಡಿ ಆಗುವುದಿಲ್ಲ, ಅಲರ್ಜಿ. ಅವಳು ಗಾಜಿನ ಹತ್ತಿರ ಹೋಗಿ ತರಕಾರಿ ಟ್ರೇ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದಳು, ಇದರಲ್ಲಿ ಸಿಗಡಿ ಇದೆಯೇ ಎಂದು. ಅಕ್ಕ ಎಲ್ಲರಿಗೂ ಮಾಡುವಂತೆ ಜಾಡಿ ತೆಗೆದು ತೋರಿಸಿದಳು. ಇದೆ, ಮುಟ್ಟಬೇಡ ಮಗೂ ಎಂದಳು.

ಡಾಕ್ಟರ ಹೆಂಡತಿ ನನ್ನ ತಟ್ಟೆ ನೋಡಿದರು. ಆಮೇಲೆ ನನ್ನ ಮುಖ. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾದ ಗಾಬರಿಯೇ ಇತ್ತು.

"ಅಯ್ಯೋ ಅಂಕಲ್... ನಿಮ್ಮ ತಟ್ಟೇಲೂ ಅದೇ ಇದೆಯಲ್ಲಾ! ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತಮ್ಮ ಎಂದಿದ್ದರೆ ಮುಗಿಯುತ್ತಿತ್ತು. ಡಾಕ್ಟರು ಜೋಕು ಮಾಡಿ ನಕ್ಕುಬಿಡುತ್ತಿದ್ದರೇನೋ. ಆದರೆ ಪಿಕ್ನಿಕ್ಕಿನ ಆ ಹುಡುಗ, ದೀಪ, ವೇದಿಕೆ, ನನ್ನ ಇಡೀ ಡಿಗ್ರಿ ಒಮ್ಮೆಲೇ ಕಣ್ಣ ಮುಂದೆ ಬಂತು. ನಾನು ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು.

"ಏನಂದಿ? ಸಿಗಡಿ?" ಎಂದು ಅಕ್ಕನ ಮೇಲೆ ಕೂಗಿದೆ. "ಒಂದೂವರೆ ವರ್ಷ ಇದನ್ನ ತಿನಿಸೀಯೇನು? ನನಗ್ಯಾಕ ಹೇಳಲಿಲ್ಲ?" ಸಿಟ್ಟಿಗೆ ಕನ್ನಡವೇ ಬಂತು. ಆಮೇಲೆ ಆಕೆಗೆ ತಿಳಿಯಲೆಂದು ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗಿದೆ. ಸಿಂಕಿಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆ ಬಾಯಿ ಮುಕ್ಕಳಿಸಿದೆ, ಮೂರು ಸಲ.

ಅಜ್ಜಿಯ ಮಗ ಎದ್ದು ನಿಂತು, "ಅಲ್ಲ, ಅಕ್ಕ ಹೇಳಿದ್ದಳಲ್ಲ..." ಎಂದು ಶುರುಮಾಡಿದ. ಅಕ್ಕ ಕೈ ಎತ್ತಿ ಅವನನ್ನು ತಡೆದಳು. ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲ. ಅವಳು ನನ್ನನ್ನು ನೋಡಿದಳು, ನನ್ನ ಹಿಂದೆ ನಿಂತಿದ್ದ ಡಾಕ್ಟರ ಸಂಸಾರವನ್ನು ನೋಡಿದಳು, ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿದಳು.

"ನನ್ನದೇ ತಪ್ಪು ಸರ್. ಹೇಳಲು ಮರೆತೆ. ಸಾರಿ."

ಅದೇ ಸಂಜೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು. ಆ ಅಂಗಡಿಯಲ್ಲಿ ತರಕಾರಿ ಎಂದು ಹೇಳಿ ಸಿಗಡಿ ಹಾಕುತ್ತಾರೆ, ಹಿರಿಯರೊಬ್ಬರ ಆಚಾರ ಕೆಡಿಸಿದ್ದಾರೆ, ಯಾರೂ ಹೋಗಬೇಡಿ. ಡಾಕ್ಟರ ಹೆಂಡತಿ ಕಂಡದ್ದನ್ನು, ನನ್ನ ಬಾಯಿಂದ ಕೇಳಿದ್ದನ್ನು ಬರೆದರು, ಅವರನ್ನು ದೂರುವಂತಿಲ್ಲ. ಕೆಳಗೆ ಸಾಲು ಸಾಲು ಹೆಬ್ಬೆಟ್ಟುಗಳು. ನಾನು ಬಹಳ ಹೊತ್ತು ಫೋನು ಹಿಡಿದುಕೊಂಡು ಕೂತೆ. ಕೊನೆಗೆ ಕೈಮುಗಿದ ಚಿತ್ರವೊಂದನ್ನು ಒತ್ತಿ ಕಳಿಸಿದೆ. ಕೊಲಿಂಡೇಲ್‌ನವರು ನೂಡಲ್ಸ್ ಬೇಡವೆಂದು ಹೇಳಿದರಂತೆ. ನನಗೆ ಮಾತ್ರ ಮತ್ತೆ ಹದಿನೈದು ದಿನ ಡಬ್ಬಿಗಟ್ಟಲೆ ಊಟ ಬಂತು. "ಪಾಪ, ನಿಮಗೆ ಹಿಂಗಾಗಬಾರದಿತ್ರಿ" ಎಂದು ಬೆಳಗಾವಿಯ ಒಬ್ಬ ತಾಯಿ ಹೋಳಿಗೆ ತಂದುಕೊಟ್ಟು ಕಣ್ಣು ಒರೆಸಿಕೊಂಡರು. ಆ ಹೋಳಿಗೆಯನ್ನೂ ತಿಂದೆ.

ಆಮೇಲೆ ಆ ಗಲ್ಲಿಗೆ ಹೋಗಲಿಲ್ಲ. ಒಮ್ಮೆ ಮಾತ್ರ ಬಸ್ಸು ಬದಲಿಸಲು ಅಂಗಡಿಯ ಎದುರಿನ ಸ್ಟಾಪಿನಲ್ಲಿ ನಿಲ್ಲಬೇಕಾಯಿತು. ಗಾಜಿನ ಆಚೆ ಅಕ್ಕ ಸೊಪ್ಪು ಜೋಡಿಸುತ್ತಿದ್ದಳು. ತಲೆಯೆತ್ತಿ ನನ್ನನ್ನು ಕಂಡಳು. ಬೆರಳುಗಳನ್ನು ಕೂಡಿಸಿ ಬಾಯಿಯ ಹತ್ತಿರ ತಂದು ತೋರಿಸಿದಳು. ಊಟ ಆಯಿತಾ?

ನಾನು ತಿರುಗಿ ಬಸ್ಸಿನ ಟೈಮ್‌ಟೇಬಲ್ ಓದತೊಡಗಿದೆ.

ಕೆಲವು ತಿಂಗಳ ನಂತರ ಅಂಗಡಿಗೆ ಶಟರ್ ಬಿತ್ತು. ನನ್ನಿಂದಲೇ ಎಂದು ಹೇಳಲಾರೆ. ಬಾಡಿಗೆ ಹೆಚ್ಚಿತ್ತು, ಆಕೆಗೆ ಮಂಡಿ ನೋವಿತ್ತು. ಹಾಗಂದುಕೊಂಡು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ.

ಹೋದ ಚಳಿಗಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದಾಗ ನನ್ನ ಕಣ್ಣಿಗೆ ಔಷಧಿ ಹಾಕಿದ ನರ್ಸ್ ಅಕ್ಕನ ಮಗಳು. ನಾನು ಗುರುತು ಹಿಡಿಯಲಿಲ್ಲ, ಅವಳು ಹಿಡಿದಳು. ಅಮ್ಮ ಊರಿಗೆ ಹೋದಳು, ಅಲ್ಲೇ ತೀರಿಕೊಂಡಳು, ಮುಂದಿನ ತಿಂಗಳಿಗೆ ಒಂದು ವರ್ಷ ಎಂದಳು. ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು. ಇನ್ನೊಂದರಿಂದ ಅವಳನ್ನು ನೋಡುತ್ತ ಎಲ್ಲ ಹೇಳಿಬಿಟ್ಟೆ. ನಿನ್ನ ಅಮ್ಮ ಮರೆತಿರಲಿಲ್ಲ, ನನಗೆ ಮೊದಲ ದಿನವೇ ಹೇಳಿದ್ದಳು ಅಂದೆ.

"ನಮಗೆ ಗೊತ್ತು ಅಂಕಲ್. ಎಲ್ಲರಿಗೂ ಗೊತ್ತಿತ್ತು. ನಾನು ಜಗಳ ಮಾಡಿದೆ ಅಮ್ಮನ ಜೊತೆ, ಯಾಕೆ ನೀನು ತಪ್ಪು ಒಪ್ಪಿಕೊಂಡೆ ಅಂತ."

"ಏನಂದಳು?"

"ಆತನಿಗೆ ಮಕ್ಕಳಿಲ್ಲ, ಅಂದಳು. ನಾಳೆ ಸತ್ತರೆ ಹೊರೋದಕ್ಕೆ ಬರೋರು ಅವರ ಜನ, ನಾವಲ್ಲ. ಅವರ ಎದುರಿಗೆ ಆತ ಸಣ್ಣವನಾಗಬಾರದು ಅಂದಳು."

ಅವಳನ್ನು ಯಾರೋ ಡ್ಯೂಟಿಗೆ ಕರೆದರು. ಹೋಗುವಾಗ ನನ್ನ ಕೈ ಮೇಲೆ ಕೈ ಇಟ್ಟು ಹೋದಳು. ಹಣೆಗೆ ಮುಟ್ಟಿಸಿಕೊಳ್ಳಲಿಲ್ಲ. ಯಾಕೆ ಮುಟ್ಟಿಸಿಕೊಳ್ಳಬೇಕು...

ಈಗ ನಮ್ಮ ಕೂಟದ ಸಂಚಿಕೆಗೆ ಯಾರಾದರೂ ಹಳಬರ ಬಗ್ಗೆ ಒಂದು ನೆನಪು ಬರೆದುಕೊಡಿ ಎಂದು ಕೇಳಿದ್ದೀರಿ. ನನ್ನ ಹೆಂಡತಿಯ ಬಗ್ಗೆ ಬರೆಯುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಅವಳಿಗೆ ಕೆಟ್ಟ ಹೆಸರು ತಂದವರು ಯಾರೂ ಇಲ್ಲ, ಅವಳನ್ನು ನೀವೆಲ್ಲ ಚೆನ್ನಾಗಿ ನೆನೆಸುತ್ತೀರಿ. ಅಕ್ಕನನ್ನು ಮಾತ್ರ ನಿಮ್ಮಲ್ಲಿ ಅರವತ್ತು ಮನೆಗಳು ಇವತ್ತಿಗೂ ಮೋಸಗಾರ್ತಿ ಎಂದು ನಂಬಿವೆ, ಮತ್ತು ಆ ನಂಬಿಕೆ ಕೊಟ್ಟವನು ನಾನು. ಇದನ್ನು ಯಾರೂ ತಿದ್ದಬೇಡಿ, ಹೇಗಿದೆಯೋ ಹಾಗೆ ಅಚ್ಚು ಹಾಕಿ. ಮುಂದಿನ ಸಲ ದೀಪ ಹಚ್ಚಲು ಬೇರೆಯವರನ್ನು ಕರೆಯಿರಿ. ಆ ಪಿಕ್ನಿಕ್ಕಿನ ಹುಡುಗ ಎಲ್ಲಿದ್ದಾನೋ, ಈಗ ಅವನಿಗೂ ಮಕ್ಕಳಾಗಿರಬೇಕು. ಅವನಿಗೆ ಇದನ್ನು ತಪ್ಪದೆ ತೋರಿಸಿ.

ನಾನು ಸತ್ತ ಸುದ್ದಿ ಗುಂಪಿನಲ್ಲಿ ಬಂದ ದಿನ ನೀವು ಬರುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಬರುವುದಾದರೆ, ಇದನ್ನು ಓದಿಕೊಂಡು ಬನ್ನಿ.