ಕಲ್ಲು ಹೇಳಿದ ಬೆಲೆ

ಗಿರಣಿಯ ಕಿಟಕಿಯಲ್ಲಿ ಒಂದು ಹಳೆಯ ಸುತ್ತಿಗೆ ಬಂದು ಕೂತು ಮೂರು ವಾರವಾಯಿತು. ಎರಡೂ ತುದಿ ಚೂಪಾದ, ಬೀಸುವ ಕಲ್ಲಿಗೆ ಹಲ್ಲು ಕೊರೆಯುವ ಸುತ್ತಿಗೆ. ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿದೆ. ಬಿಚ್ಚಿದರೆ ಮೊದಲು ಕಲ್ಲಿನ ಪುಡಿಯ ವಾಸನೆ ಬರುತ್ತದೆ, ಆಮೇಲೆ ಬೀಡಿಯದು, ಆಮೇಲೆ… ಇರಲಿ. ದಿನಕ್ಕೆ ನಾಲ್ಕು ಸಲ ಬಿಚ್ಚುತ್ತೇನೆ, ನಾಲ್ಕು ಸಲ ಸುತ್ತಿಡುತ್ತೇನೆ. ಪರವೂರಿಂದ ಹಿಟ್ಟಿಗೆ ಬಂದ ಹೆಂಗಸರು "ಏನ್ರೀ ಅದು, ಕೂಸಿನಂಗ ಸುತ್ತಿಟ್ಟೀರಿ" ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಅದು ಚಾಚಾರದು. ಸವಣೂರಿನವರು. ಶಿಗ್ಗಾವಿ, ಹಾನಗಲ್ಲು, ನಮ್ಮ ಹಿರೇಕೆರೂರು, ಎಲ್ಲ ಕಡೆಯ ಹಿಟ್ಟಿನ ಗಿರಣಿಗಳಿಗೆ ಬಸ್ಸಿನಲ್ಲಿ ತಿರುಗಿ ಕಲ್ಲಿಗೆ ಟಾಕಿ ಹೊಡೆಯುವುದು, ಎಂದರೆ ಹಲ್ಲು ಕೊರೆಯುವುದು, ಅವರ ಕಸುಬು. ಜೋಳ, ಗೋಧಿ ಬೀಸಿ ಬೀಸಿ ಕಲ್ಲು ನುಣ್ಣಗಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಹೊಸ ಹಲ್ಲು ಕೊರೆಯದಿದ್ದರೆ ಹಿಟ್ಟು ಸುಡುತ್ತದೆ, ರೊಟ್ಟಿ ತಟ್ಟುವಾಗ ಹರಿಯುತ್ತದೆ. ಸುತ್ತಿಗೆಯಿಂದ ಹಾರಿದ ಕಬ್ಬಿಣದ ಚೂರುಗಳು ಅವರ ಬಲಗೈಯ ಚರ್ಮದೊಳಗೆ ಹೊಕ್ಕು ನೀಲಿ ಚುಕ್ಕೆಗಳಾಗಿ ಉಳಿದಿದ್ದವು. "ಇದ ನೋಡಪಾ ನನ್ನ ಸರ್ಟಿಫಿಕೇಟು" ಎಂದು ಕೈ ತೋರಿಸುತ್ತಿದ್ದರು. ಕೆಲಸಕ್ಕೆ ಕೂರುವ ಮೊದಲು ಹಳೆಯ ಹಲ್ಲಿನ ಸಂದಿಗೆ ಒಂದು ಬೆಂಕಿಕಡ್ಡಿ ಇಟ್ಟು ಆಳ ನೋಡುತ್ತಿದ್ದರು. ನೋಡಿ, ಈ ಸಲ ಊರಲ್ಲಿ ಮದುವೆ ಜಾಸ್ತಿ ಆದವೆಂದೋ, ಮಂದಿ ಊರು ಬಿಟ್ಟು ದುಡಿಯಲು ಹೋಗಿದ್ದಾರೆಂದೋ ಹೇಳಿಬಿಡುತ್ತಿದ್ದರು. ಒಂದು ಸಲವೂ ತಪ್ಪಿದ್ದು ನಾನು ಕಾಣೆ.

ಆಗ ಈ ಗಿರಣಿ ನನ್ನದಲ್ಲ. ನಾನು ಬೀಸುವವನು, ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ ಆಳು. ಧಣಿ ಬೇರೆ, ಅವರನ್ನು ಸಾವ್ಕಾರ್ರು ಎನ್ನುತ್ತಿದ್ದೆವು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅವರಿಗೆ ಅದಕ್ಕಿಂತ ಒಂದು ಗೇಣು ಮುಂದೆ. ಹಿಟ್ಟು ಚೆಲ್ಲಿದರೆ ತಕ್ಕಡಿಯ ಕಲ್ಲನ್ನೇ ಎತ್ತಿ ಒಗೆಯುತ್ತಿದ್ದರು. ನನ್ನ ಹುಬ್ಬಿನ ಮೇಲಿನ ಗಾಯ ಅಂಥದ್ದೊಂದು ಅರ್ಧ ಕಿಲೋದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಬೆಲ್ಟು ನನ್ನ ಎಡಗೈಯ ಎರಡು ಬೆರಳು ತಿಂದಿತು. ಸಾವ್ಕಾರ್ರು ಓಡಿ ಬಂದವರು ಮೊದಲು ನೋಡಿದ್ದು ಬೆಲ್ಟನ್ನು. ನನ್ನ ರಕ್ತ ಜೋಳದ ಡಬ್ಬಿಯೊಳಗೆ ಸುರಿಯುತ್ತಿತ್ತು. "ಹರೀತೇನೋ?" ಎಂದು ಕೇಳಿದರು. ಬೆಲ್ಟು ಹರಿದಿರಲಿಲ್ಲ.

ಅಂಥವರು ಒಂದು ದಿನ ಗಿರಣಿ ಮಾರುತ್ತೇನೆ ಎಂದರು. ಹಾನಗಲ್ಲಿನವನೊಬ್ಬ ಕೇಳಿದ್ದಾನೆ, ಆರು ಲಕ್ಷ, ಬೇಕಾದರೆ ಅಷ್ಟು ಕೊಟ್ಟು ನೀನೇ ತಗೋ ಎಂದರು. ಯಂತ್ರ, ಷೆಡ್ಡು, ಕರೆಂಟಿನ ಮೀಟರು ಸೇರಿ ಮೂರಕ್ಕಿಂತ ಮೇಲೆ ಬಾಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಉಳಿದ ಮೂರು ಯಾತಕ್ಕೆ ಎಂದು ಕೇಳಿದೆ.

"ಚಾಲೂ ಗಿರಣಿ ಐತಲೇ ಇದು. ಬರೇ ಕಬ್ಬಿಣ ಮಾರಾಕತ್ತಿಲ್ಲ ನಾ, ಗಿರಾಕಿ ಸೈತ ಹಿಡದ ಕೊಡಾಕತ್ತೇನಿ."

ಗಿರಾಕಿ! ಚಿಕ್ಕೇರೂರಿನಿಂದ ಸಂತೆಗೆ ಬರುವ ಹೆಂಗಸರು ಡಬ್ಬಿ ಹೊತ್ತು ಬರುತ್ತಿದ್ದುದು ಯಾರ ಕೈ ನೋಡಿ? ಯಾರ ಮನೆಗೆ ಸಣ್ಣ ಹಿಟ್ಟು, ಯಾರಿಗೆ ತರಿ ಎಂದು ನೆನಪಿಟ್ಟವನು ಯಾರು? ನನ್ನ ಬೆವರನ್ನೇ ನನಗೆ ಮಾರುತ್ತೀಯಲ್ಲೋ ಎಂದು ಕೊರಳಪಟ್ಟಿ ಹಿಡಿದೆ. ಅವರು ಪಕ್ಕದ ಖಾರದ ಪುಟ್ಟಿಗೆ ಕೈ ಹಾಕಿ ಒಂದು ಮುಷ್ಟಿ ಬ್ಯಾಡಗಿ ಖಾರ ನನ್ನ ಕಣ್ಣಿಗೆ ಎರಚಿದರು. ಕುರುಡನಂತೆ ಬೀಸಿದ ನನ್ನ ಏಟು ಅವರಿಗೆ ಬೀಳದೆ ಕಿಟಕಿಗೆ ಬಿದ್ದು ಗಾಜು ಪುಡಿಯಾಯಿತು. ಈಗ ಸುತ್ತಿಗೆ ಕೂತಿರುವ ಕಿಟಕಿ ಅದೇ. ಮರುದಿನ ಇಬ್ಬರೂ ಏನೂ ಆಗದವರಂತೆ ಬಾಗಿಲು ತೆರೆದೆವು. ಜಗಳ ಇದ್ದರೂ ಊರಿನ ಮಂದಿಗೆ ರೊಟ್ಟಿ ಬೇಕಲ್ಲ.

ಆದರೆ ನನಗೆ ಹೆದರಿಕೆ ಹತ್ತಿತ್ತು, ಅದನ್ನು ಮುಚ್ಚಿಡುವುದೇಕೆ. ಹಾನಗಲ್ಲಿನವನು ಕೊಂಡರೆ ತನ್ನ ಆಳನ್ನು ತರುತ್ತಾನೆ. ಎರಡು ಬೆರಳಿಲ್ಲದ ನನ್ನನ್ನು ಯಾವ ಗಿರಣಿ ಕರೆಯುತ್ತದೆ? ಹೆಂಡತಿಯ ಸರ, ಊರಲ್ಲಿದ್ದ ಅರ್ಧ ಎಕರೆ, ಎಲ್ಲ ಮಾರಿದರೆ ನಾಲ್ಕು ಲಕ್ಷ ಆಗುತ್ತಿತ್ತು. ನಾಲ್ಕಕ್ಕೆ ಇಳಿಸಲೇಬೇಕು ಎಂದು ಹಟ ಹಿಡಿದೆ. ಸಾವ್ಕಾರ್ರು ಹೊಲಕ್ಕೆ ಹೋದಾಗಲೆಲ್ಲ ಬಂದ ಹೆಂಗಸರಿಗೆ ಬೆಲ್ಟು ಹರಿದಿದೆ, ನಾಡಿದ್ದು ಬರ್ರಿ ಎಂದು ಡಬ್ಬಿ ತಿರುಗಿಸಿ ಕಳಿಸತೊಡಗಿದೆ. ಗಲ್ಲೆಗೆ ಬೀಳುವ ದುಡ್ಡು ಸೊರಗಿದರೆ ಬೆಲೆ ತಾನೇ ಇಳಿಯುತ್ತದೆ ಎಂಬುದು ನನ್ನ ಬುದ್ಧಿ. ಎರಡು ತಿಂಗಳು ಹೀಗೇ ಮಾಡಿದೆ. ಸಾವ್ಕಾರ್ರೇನು ಕಡಿಮೆಯೇ? ಹಾನಗಲ್ಲಿನವನು ನೋಡಲು ಬರುವ ಸುದ್ದಿ ಬಂದದ್ದೇ ತಡ, ತಮ್ಮ ಹೊಲದ ಗೋವಿನಜೋಳದ ಚೀಲ ತಂದು ಸುರಿದು, ಬೀಸು ಬೀಸು ಎಂದು ಗಿರಣಿ ಗುಂಯ್‌ಗುಡಿಸಿದರು. ಕಳ್ಳನಿಗೊಬ್ಬ ಮಳ್ಳ ಎನ್ನುತ್ತಾರಲ್ಲ, ನಮ್ಮಲ್ಲಿ ಮಳ್ಳ ಯಾರೂ ಇರಲಿಲ್ಲ, ಇಬ್ಬರೂ ಕಳ್ಳರೇ.

ಹಾನಗಲ್ಲಿನವನು ಬಂದು ನೋಡಿ ಹೋದವನು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ; ನಮ್ಮಿಬ್ಬರ ಹಗ್ಗ ಜಗ್ಗಾಟ ಮುಗಿಯಲಿಲ್ಲ. ಕೊನೆಗೆ ಚಾಚಾ ಹೇಳಿದ ಬೆಲೆಗೆ ಇಬ್ಬರೂ ಒಪ್ಪುವುದೆಂದಾಯಿತು. ಗಿರಣಿ ಕಸುಬಿನವರಲ್ಲಿ ಕಲ್ಲು ಮುಟ್ಟಿ ಆಡಿದ ಮಾತು ತಪ್ಪುವಂತಿಲ್ಲ. ಅನ್ನ ಕೊಡುವ ಕಲ್ಲು ಅದು. ಇಬ್ಬರೂ ಕೈ ಇಟ್ಟೆವು. ನನ್ನ ಬೆರಳಿನದೂ ಲೆಕ್ಕ ಹಿಡಿಯಿರಿ ಎಂದೆ ಚಾಚಾರಿಗೆ.

"ಬೆರಳಿನ ಬೆಲಿ ಇದರಾಗ ಕೂಡಸಬ್ಯಾಡ ತಮ್ಮಾ. ಅದು ಬ್ಯಾರೆ ಜಗಳ. ಕೊಡಾಂವ ಹೇಳಿದ್ರ ಆಶಾ, ತಗೊಳ್ಳಾಂವ ಹೇಳಿದ್ರ ಹೊಟ್ಟಿಕಿಚ್ಚು. ಕಲ್ಲು ಏನ್ ಹೇಳತೈತಿ ಅದನ್ನ ಕೇಳೋಣು."

ಅವತ್ತು ಸಂತೆಯ ಮರುದಿನ, ಹೊತ್ತು ಇನ್ನೂ ಏರಿರಲಿಲ್ಲ. ಮೇಲಿನ ಕಲ್ಲನ್ನು ಹಾರೆಯಿಂದ ಮೀಟಿ ಮಗುಚಿದೆ. ಹಾರೆ ನನ್ನ ಕೈಯಲ್ಲೇ ಉಳಿಯಿತು. ಚಾಚಾ ಕುಕ್ಕರುಗಾಲಲ್ಲಿ ಕೂತು ಬೆಂಕಿಕಡ್ಡಿ ಇಟ್ಟು ಇಟ್ಟು ನೋಡಿದರು. ಮೊದಲು ಸಾವ್ಕಾರ್ರ ಕಡೆ ತಿರುಗಿ, ಹಲ್ಲಿನ ಅಂಚು ಚಕ್ಕೆ ಎದ್ದಿದೆ, ಇದು ಗೋವಿನಜೋಳದ ಕೆಲಸ, ಊರ ಮಂದಿ ಇಷ್ಟು ಗೋವಿನಜೋಳ ತಿನ್ನುವುದಿಲ್ಲ ಎಂದರು. ಸಾವ್ಕಾರ್ರ ಮುಖ ಕಪ್ಪಿಟ್ಟಿತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಆಮೇಲೆ ನನ್ನ ಕಡೆ ನೋಡಿದರು.

"ಇಂವಾ ಏನ್ ಕಡಿಮಿ ಇಲ್ಲ. ಮದುವಿ ದಿನದಾಗ ಎರಡ ತಿಂಗಳು ನಾ ಬಂದಾಗೆಲ್ಲ ನೋಡೇನಿ, ಹಲ್ಲ ಸವದಿಲ್ಲ. ಬೆಲ್ಟ್ ಹರದೈತಿ ಅಂತ ಸುಳ್ಳ ಹೇಳಿ, ಬಂದ ಗಿರಾಕಿನ ತಿರಗಿಸಿ ಕಳಿಸ್ಯಾನ…"

ಮಾತು ಅಲ್ಲಿಗೆ ಮುಗಿದಿರಲಿಲ್ಲ. ಮುಗಿಯುವವರೆಗೆ ನಾನು ಕಾಯಲಿಲ್ಲ. ಸರ, ಹೊಲ, ಹನ್ನೊಂದು ವರ್ಷ, ಎಲ್ಲ ಈ ಮುದುಕನ ಬಾಯಿಂದ ಹೋಯಿತು ಎಂದು ತಲೆಗೆ ರಕ್ತ ನುಗ್ಗಿತು. ಹಾರೆ ಎತ್ತಿ ಬೀಸಿದೆ. ತಲೆಗೇ ಬೀಸಿದ್ದೆ, ಸುಳ್ಳು ಏಕೆ ಹೇಳಲಿ. ಚಾಚಾ ಬಲಗೈ ಅಡ್ಡ ತಂದರು. ಮುಂಗೈಯ ಎಲುಬು ಮುರಿದ ಸಪ್ಪಳ ನಾನು ಇಂದಿಗೂ ಕೇಳುತ್ತೇನೆ, ಗಿರಣಿ ಪೂರ್ತಿ ಜೋರಿನಲ್ಲಿ ಓಡುವಾಗಲೂ ಕೇಳುತ್ತೇನೆ. ಎರಡನೇ ಏಟಿಗೆ ಎತ್ತಿದಾಗ ಸಾವ್ಕಾರ್ರು ಹಿಂದಿನಿಂದ ಬಂದು ನನ್ನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಮೊಣಕಾಲು ಊರಿದರು. ಹಿಟ್ಟು, ರಕ್ತ ಕಲಸಿ ನನ್ನ ಬಾಯೊಳಗೆ ಹೋಯಿತು.

ಚಾಚಾ ಗೋಡೆಗೆ ಆತು ಕೂತಿದ್ದರು. ಕೈ ಮೊಣಕೈಯ ಕೆಳಗೆ ಇನ್ನೊಂದು ಕಡೆ ಮಡಿಚಿತ್ತು. ತುಟಿ ಬೆಳ್ಳಗಾಗಿತ್ತು. ಆ ಸ್ಥಿತಿಯಲ್ಲೂ ಅರ್ಧಕ್ಕೆ ನಿಂತ ಮಾತನ್ನು ಮುಗಿಸಿದರು, ಸಾವ್ಕಾರ್ರನ್ನು ನೋಡುತ್ತ.

"ತಿರಗಿಸಿ ಕಳಿಸಿದ ಮಂದಿ ಬ್ಯಾರೆ ಗಿರಣಿಗೆ ಹೋಗಿಲ್ರಿ. ನಾ ಕೇಳೇನಿ. ಡಬ್ಬಿ ಮನಿಗೆ ಒಯ್ದು ಕಾಯ್ದಾರ. ಅಂದ್ರ ಗಿರಾಕಿ ಗಿರಣಿದಲ್ಲ, ಇವನ ಕೈದು. ಇವಂದ ಇವಗ ಮಾರಾಕ ಬರಂಗಿಲ್ಲ. ನಾಳಿ ಇಂವಾ ಇಲ್ಲಂದ್ರ ಈ ಗಿರಣಿ ಎಷ್ಟ ಬೀಸತೈತಿ, ಅಷ್ಟಕ್ಕ ಬೆಲಿ. ಮೂರೂವರಿ ಲಕ್ಷ. ಕಲ್ಲ ಮುಟ್ಟೀರಿ, ಮಾತ ತಪ್ಪಬ್ಯಾಡ್ರಿ."

ನಾಲ್ಕಕ್ಕೆ ತಯಾರಾಗಿದ್ದೆ ನಾನು. ಅದಕ್ಕಿಂತ ಅರ್ಧ ಲಕ್ಷ ಕಡಿಮೆ ಹೇಳಲು ಬಾಯಿ ತೆರೆದಿದ್ದ ಮನುಷ್ಯನನ್ನು ಹೊಡೆದಿದ್ದೆ. ಇನ್ನೊಂದು ಉಸಿರು ಕಾದಿದ್ದರೆ… ಥೂ, ನನ್ನ ಜನ್ಮಕ್ಕಿಷ್ಟು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಬೆಲ್ಟಿನಲ್ಲಿ ಕೈ ಹೋಯಿತು ಎಂದರು ಚಾಚಾ. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಣು ಹಾಕಿದೆ. ಬೆಲ್ಟು ಹರಿದಿದೆ ಎಂದು ಎರಡು ತಿಂಗಳು ಸುಳ್ಳು ಹೇಳಿದವನಿಗೆ ಇದೇನೂ ಹೊಸದಾಗಿರಲಿಲ್ಲ. ಸಾವ್ಕಾರ್ರು ಮಾತಿಗೆ ತಪ್ಪಲಿಲ್ಲ. ಮೂರೂವರೆಗೆ ಕಾಗದ ಮಾಡಿಕೊಟ್ಟು, ಮತ್ತೆ ನನ್ನ ಮುಖ ನೋಡಲಿಲ್ಲ. ಚಾಚಾ ಮತ್ತೆ ಬರಲಿಲ್ಲ. ಕೈ ಸೊಟ್ಟಗೆ ಕೂಡಿತಂತೆ, ಮುಷ್ಟಿ ಕಟ್ಟಲು ಬರುವುದಿಲ್ಲವಂತೆ ಎಂದು ಬಸ್ಸಿನವರು ಹೇಳಿದರು. ಎರಡು ಸಲ ಹಣ ಕಳಿಸಿದೆ, ಎರಡು ಸಲವೂ ವಾಪಸು ಬಂತು. ನಾನೇ ಹೋಗಬಹುದಿತ್ತು. ಸವಣೂರೇನು ಸಮುದ್ರದಾಚೆ ಇಲ್ಲ. ಹೋಗಲಿಲ್ಲ. ಈಗ ಕಲ್ಲಿಗೆ ಹಲ್ಲು ಹಾಕಲು ಕರೆಂಟಿನ ಯಂತ್ರ ಹಿಡಿದವನೊಬ್ಬ ಬರುತ್ತಾನೆ, ಅರ್ಧ ತಾಸಿನಲ್ಲಿ ಮುಗಿಸಿ ಹೋಗುತ್ತಾನೆ. ಬೆಂಕಿಕಡ್ಡಿ ಇಟ್ಟು ನೋಡುವುದಿಲ್ಲ.

ಮೂರು ವಾರದ ಹಿಂದೆ ಒಬ್ಬ ಹೆಣ್ಣುಮಗಳು ಬಂದಳು. ಚಾಚಾರ ಮಗಳು. ಅಬ್ಬಾ ಹೋದ ರಂಜಾನಿನಲ್ಲಿ ತೀರಿಕೊಂಡರೆಂದು ಹೇಳಿ, ಲುಂಗಿಯ ಗಂಟು ಬಿಚ್ಚಿ ಸುತ್ತಿಗೆಯನ್ನು ಕಿಟಕಿಯಲ್ಲಿಟ್ಟಳು.

"ಇದನ್ನ ಮಾರಬೇಕಾಗೇತ್ರಿ ಅಣ್ಣಾರ. ಬೆಲಿ ನಿಮಗ ಗೊತ್ತೈತಿ ಅಂದಿದ್ರು ಅಬ್ಬಾ."

ಇನ್ನೂರು ರೂಪಾಯಿ ಬಾಳದ ಕಬ್ಬಿಣಕ್ಕೆ ಇಪ್ಪತ್ತು ಸಾವಿರ ಎಂದೆ. ಅಷ್ಟು ಯಾಕೆ ಎಂದಳು. ನಿಮ್ಮ ಅಬ್ಬಾನ ಋಣ ಅಂದೆ. "ಬೆಲ್ಟಿನ್ಯಾಗ ಕೈ ಹೋತಲ್ಲ, ಅದಕ್ಕೇನ್ರಿ?" ಎಂದಳು. ಗಿರಣಿ ಬಂದ್ ಮಾಡಿದೆ. ಹೆಂಗಸರು ಡಬ್ಬಿ ಹಿಡಿದು ನಿಂತಿದ್ದರು, ಎಲ್ಲರೂ ಕೇಳಲಿ ಎಂದೇ ಹೇಳಿದೆ.

"ಬೆಲ್ಟ್ ಅಲ್ಲವ್ವಾ. ಹಾರಿ ತಗೊಂಡು ನಾನ ಮುರದೇನಿ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. "ಗೊತ್ತೈತ್ರಿ. ಸಾಯೋ ಮುಂದ ಹೇಳಿದ್ರು" ಎಂದಳು. "ಈಗ ಬರೋಬ್ಬರಿ ಬೆಲಿ ಹೇಳ್ರಿ."

ನಾನು ಸುತ್ತಿಗೆಯನ್ನು ಕೈಗೆತ್ತಿ ತೂಗಿ ನೋಡಿ, ಮತ್ತೆ ಕಿಟಕಿಯಲ್ಲೇ ಇಟ್ಟೆ. ಗೊತ್ತಾದಾಗ ಹೇಳಿ ಎಂದು ಸುತ್ತಿಗೆ ಅಲ್ಲೇ ಬಿಟ್ಟು ಸವಣೂರಿಗೆ ಹೋಗಲು ಹಾವೇರಿ ಬಸ್ಸು ಹತ್ತಿದಳು.

ಸುತ್ತಿಗೆಯ ಹಿಡಿಕೆಯಲ್ಲಿ ಬಲಗೈ ಹೆಬ್ಬೆರಳು ಕೂತು ಕೂತು ಬಿದ್ದ ಆಳವಾದ ಗುಳಿಯಿದೆ. ಅದರ ಎದುರು ಬದಿಗೆ ಇನ್ನೊಂದು ಗುಳಿ ಇರುವುದು ನಾನು ಆಮೇಲೆ ಕಂಡೆ. ಎಡಗೈಯದು. ನನ್ನ ಏಟಿನ ನಂತರ ಎಡಗೈಯಲ್ಲಿ ಕಲಿಯಲು ನೋಡಿದ್ದಾರೆ. ಬೆಂಕಿಕಡ್ಡಿ ಇಟ್ಟು ನೋಡಿದೆ. ಬಲದ ಗುಳಿಯಲ್ಲಿ ಕಡ್ಡಿಯ ಮದ್ದಿನ ತಲೆ ಪೂರ್ತಿ ಮುಳುಗುತ್ತದೆ. ಎಡದ್ದರಲ್ಲಿ ಕಾಲು ಭಾಗವೂ ಮುಳುಗುವುದಿಲ್ಲ. ಅಷ್ಟಕ್ಕೇ ಸಾಕಾಗಿ ಬಿಟ್ಟಿರಬೇಕು ಪಾಪ…

ನಾಳೆ ಸವಣೂರಿಗೆ ಹೋಗಿ ಆ ಮಗಳಿಗೆ ಬೆಲೆ ಹೇಳಿ ಬರಬೇಕು. ಮೂರು ವಾರದಿಂದ ದಿನಾ ಹೀಗೇ ಅನ್ನುತ್ತಿದ್ದೇನೆ.