ಎಂಜಿನ್ ಕೆಳಗಿನ ನೀಲಿ ಚಪ್ಪಲಿ

"ಸದ್ಯಕ್ಕೆ ಇದ್ರಾಗೆ ಓಡಿಸ್ಕೋ ಓಂಕಾರ. ಲಾಕ್‌ಡೌನ್ ತೆಗೆದ ಒಂದು ತಿಂಗಳೊಳಗೆ ನಾನೇ ಬಂದು ಹೊಸ ಬುಷ್ ಹಾಕ್ಕೊಡ್ತೀನಿ. ಇದು ನನ್ನ ಮಾತು."

ಮೆಕ್ಯಾನಿಕ್ ತಿಪ್ಪೇಶಪ್ಪ ಹೀಗೆ ಹೇಳಿದ್ದು 2020ರ ಏಪ್ರಿಲ್‌ನಲ್ಲಿ, ತ್ಯಾವಣಿಗೆಯಲ್ಲಿ, ಮಂಡಕ್ಕಿ ಮಾರುವ ಓಂಕಾರ್ ಮನೆಯ ಅಂಗಳದಲ್ಲಿ. ಬಿಡಿಭಾಗದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದ ದಿನಗಳವು. ಎಂಜಿನ್ನನ್ನು ಬೈಕಿನ ಚೌಕಟ್ಟಿಗೆ ಹಿಡಿದಿಡುವ ಬೋಲ್ಟಿನ ಸುತ್ತ ರಬ್ಬರಿನ ಬುಷ್ ಇರುತ್ತದೆ. ಎಂಜಿನ್ನಿನ ನಡುಕವನ್ನೆಲ್ಲ ನುಂಗಿಕೊಳ್ಳುವುದು ಅದೇ. ಓಂಕಾರ್ ಬೈಕಿನದು ಸವೆದು ಹುಡಿಯಾಗಿತ್ತು. ತಿಪ್ಪೇಶಪ್ಪ ಹವಾಯಿ ಚಪ್ಪಲಿಯೊಂದನ್ನು ಬಿಲ್ಲೆಯಂತೆ ಕೊಯ್ದು ಆ ಜಾಗಕ್ಕೆ ತುರುಕಿ ಕೊಟ್ಟಿದ್ದರು.

ಐದು ವರ್ಷದ ಮೇಲೆ, ಬಿಳಿಚೋಡಿನಲ್ಲಿ ಬೆಳಗಿನ ಆರು ಗಂಟೆ. ಓಂಕಾರ್ ಈಗ ಇರುವುದು ಇಲ್ಲಿ, ಹೆಂಡತಿಯ ಊರಿನಲ್ಲಿ. ಅಂಗಳದಲ್ಲಿ ಅದೇ ಬೈಕು ನಿಂತಿದೆ. ಐವತ್ತೆರಡರ ತಿಪ್ಪೇಶಪ್ಪ ಕತ್ತಲಿರುವಾಗಲೇ ತ್ಯಾವಣಿಗೆ ಬಿಟ್ಟು ಮೊಪೆಡ್ಡಿನಲ್ಲಿ ಬಂದಿದ್ದಾರೆ. ಎಂಜಿನ್ನಿನ ಕೆಳಗೆ ಎರಡು ಇಟ್ಟಿಗೆ, ಅದರ ಮೇಲೊಂದು ಹಲಗೆ ತುಂಡು. ಭಾರ ಹಲಗೆಯ ಮೇಲೆ ಕೂತಿತೋ ಇಲ್ಲವೋ ಎಂದು ಅಂಗೈ ಇಟ್ಟು ನೋಡುತ್ತಾರೆ.

"ಗಾಡಿ ನಿಂದು, ಪಾನಾ ನೀ ಹಿಡಿ," ಎಂದು ಓಂಕಾರ್ ಕೈಗೆ ನಟ್ಟು ತಿರುಗಿಸುವ ಹದಿನಾಲ್ಕನೇ ನಂಬರಿನ ಪಾನಾ ಕೊಡುತ್ತಾರೆ. ಇದು ಅವರ ಪದ್ಧತಿ. ಯಾರ ಮನೆಗೆ ಹೋದರೂ ಮೊದಲ ನಟ್ಟನ್ನು ಗಾಡಿಯ ಯಜಮಾನನೇ ಬಿಚ್ಚಬೇಕು.

ಚನ್ನಗಿರಿಯ ಗ್ಯಾರೇಜೊಂದರಲ್ಲಿ ಹದಿನೆಂಟು ವರ್ಷ ದುಡಿದವರು ತಿಪ್ಪೇಶಪ್ಪ. ರಸ್ತೆ ಅಗಲವಾದಾಗ ಗ್ಯಾರೇಜು ಹೋಯಿತು. ಸ್ವಂತ ಅಂಗಡಿ ಹಾಕಲಿಲ್ಲ. ಕೆಟ್ಟ ಗಾಡಿಯನ್ನು ಹತ್ತು ಮೈಲಿ ತಳ್ಳಿಕೊಂಡು ಬರುವವರನ್ನು ಅಷ್ಟು ವರ್ಷ ನೋಡಿದ್ದರಲ್ಲ, ತಾವೇ ಚೀಲ ಹೊತ್ತು ಹೊರಟರು. ದಿನಕ್ಕೆ ಮೂರು ಮನೆ, ಹೆಚ್ಚೆಂದರೆ ನಾಲ್ಕು. ಇವತ್ತು ಹೊನ್ನಾಳಿ ಕಡೆಯಾದರೆ ನಾಳೆ ನ್ಯಾಮತಿ, ಸೂರಗೊಂಡನಕೊಪ್ಪ. ಮೊಪೆಡ್ಡಿನ ಮೀಟರು ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರು ತೋರಿಸುತ್ತದೆ. ಕೂತು ಕೂತು ಮಂಡಿ ಹಿಡಿದುಕೊಂಡಿವೆ. ಏಳುವಾಗ ಗಾಡಿಯ ಸೀಟನ್ನೇ ಊರಿಕೊಂಡು ಏಳುತ್ತಾರೆ. "ಗ್ಯಾರೇಜ್ನಾಗೆ ಗಾಡಿ ಅಷ್ಟೇ ಕಾಣ್ತಿತ್ತು. ಮನಿಗೆ ಬಂದ್ರೆ ಅದ್ರ ಮ್ಯಾಲೆ ಯಾರ್‍ಯಾರು ಕೂರ್ತಾರೆ ಅಂಬೋದು ಕಾಣ್ತೈತೆ," ಎನ್ನುತ್ತಾರೆ.

ಲಾಕ್‌ಡೌನಿನಲ್ಲಿ ಅವರು ಚಪ್ಪಲಿ ಬಿಲ್ಲೆ ಹಾಕಿದ್ದು ಒಟ್ಟು ಹದಿನಾಲ್ಕು ಬೈಕಿಗೆ. ಆ ಲೆಕ್ಕ ಇಟ್ಟವರು ಹೆಂಡತಿ ಹುಲಿಗೆಮ್ಮ, ಯಾಕೆಂದರೆ ಚಪ್ಪಲಿಗಳು ಅವರವು. "ಊರಿನ ಗಾಡಿಗೆಲ್ಲ ನನ್ನ ಚಪ್ಲಿ ತೊಡಿಸ್ದ ಮಾರಾಯ. ನಾನು ಬರಿಗಾಲು," ಎಂದು ಇವತ್ತಿಗೂ ನೆಂಟರ ಮುಂದೆ ಆಡಿ ತೋರಿಸುತ್ತಾರೆ. ಅಂಗಡಿ ತೆರೆದ ತಿಂಗಳೊಳಗೆ ತಿಪ್ಪೇಶಪ್ಪ ಹದಿಮೂರು ಮನೆಗೂ ಹೋಗಿ ಹೊಸ ಬುಷ್ ಕೂರಿಸಿ ಬಂದರು. ಹದಿನಾಲ್ಕನೆಯದು ಓಂಕಾರ್ ಮನೆ. ಅಲ್ಲಿ ಬೀಗ ಹಾಕಿತ್ತು. ಇನ್ನೊಂದು ಸಲ ಬಂದರಾಯಿತು ಎಂದುಕೊಂಡರು. ಓಂಕಾರ್ ಊರು ಬಿಟ್ಟಿದ್ದು ತಿಳಿಯುವಷ್ಟರಲ್ಲಿ ಕೆಲಸ ಮುತ್ತಿಕೊಂಡಿತ್ತು. ಮರೆತೇ ಹೋಯಿತು.

ಮೊನ್ನೆ ಓಂಕಾರ್ ಫೋನ್ ಬಂದಾಗಲೂ ಅವರಿಗೆ ಅದು ಹೊಳೆಯಲಿಲ್ಲ. "ಹ್ಯಾಂಡಲ್ ಹಿಡಿದ್ರೆ ಕೈ ಜೋಮು ಬರ್ತೈತೆ ಕಣಣ್ಣ. ಸಂಜೆ ಮಂಡಕ್ಕಿ ಅಳೆಯಾಕೆ ಸೇರು ನಿಲ್ಲಲ್ದು ಕೈಯಾಗೆ," ಎಂದಿದ್ದರು ಓಂಕಾರ್. ಬುಷ್ ಸವೆದಿರಬೇಕು ಎಂದು ಹೊಸದನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಂದರು.

ಈಗ ಓಂಕಾರ್ ಮೊದಲ ನಟ್ಟು ಬಿಚ್ಚುತ್ತಾರೆ. ಎರಡನೆಯ ಬೋಲ್ಟಿಗೆ ತಿಪ್ಪೇಶಪ್ಪ ಪಾನಾ ಇಡುತ್ತಾರೆ, ತಿರುಗಿಸುವುದೇ ಬೇಡವಾಗುತ್ತದೆ. ಬೋಲ್ಟಿನ ತಲೆ ಮಾತ್ರ ಕಳಚಿ ಅಂಗೈಗೆ ಬೀಳುತ್ತದೆ. ಮೊದಲ ಬೋಲ್ಟನ್ನು ಎಳೆದು ನೋಡಿದರೆ ಇಲಿ ಕಚ್ಚಿದ ಕಬ್ಬಿನಂತೆ ಅರ್ಧಕ್ಕರ್ಧ ಸವೆದಿದೆ. ತುಕ್ಕು ಹಿಡಿದ ಬೈಂಡಿಂಗ್ ತಂತಿಯ ನಾಲ್ಕು ಸುತ್ತು ಬೇರೆ. ಅದರ ಸಂದಿಯಿಂದ ಎಲೆಯಷ್ಟು ತೆಳ್ಳಗಾದ, ನೀಲಿ ಬಣ್ಣದ್ದೊಂದು ಚೂರು ಉದುರುತ್ತದೆ.

ತಿಪ್ಪೇಶಪ್ಪ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿಯುತ್ತಾರೆ. ತಾವೇ ಕೊಯ್ದ ಚಪ್ಪಲಿ ಬಿಲ್ಲೆ. ಗುರುತು ಹತ್ತಿದ ಕೂಡಲೇ ಮಂಡಿ ನೋವನ್ನೂ ಮರೆತು ನೆಲಕ್ಕೆ ಕುಕ್ಕರಿಸುತ್ತಾರೆ.

"ಏನಣ್ಣ, ಹಿಂಗ್ಯಾಕೆ ಕೂತ್ಬಿಟ್ಟೆ?"

"ಐದು ವರ್ಷ ಇದ್ರಾಗೇ ಓಡಿಸಿದೇನಲೇ?"

"ಸಡಿಲಾದಾಗ ನಾನೇ ಬಿಗಿ ಮಾಡ್ತಿದ್ದೆ. ಆಮ್ಯಾಲೆ ತಂತಿ ಸುತ್ತಿದೆ."

"ಇಲ್ಲಿ ಯಾರಿಗೂ ತೋರಿಸ್ಲಿಲ್ವಾ?"

ಉತ್ತರ ಬರುವುದು ಬಾಗಿಲಲ್ಲಿ ನಿಂತ ಓಂಕಾರ್ ಹೆಂಡತಿ ಅನಿತಾರಿಂದ. "ಮೂರು ಜನ ಮೆಕ್ಯಾನಿಕ್ ಅದಾರೆ ಅಣ್ಣಾರೆ ಈ ಊರಾಗೆ. ಒಬ್ರಿಗೂ ಮುಟ್ಟಾಕೆ ಬಿಟ್ಟಿಲ್ಲ ಇವ್ರು. ತಿಪ್ಪೇಶಣ್ಣನ ಕೈಗುಣ, ತಿಪ್ಪೇಶಣ್ಣ ಬಿಚ್ಚಿದ ಗಾಡಿ ಅಂತ ಒಂದೇ ಜಪ."

"ಇಷ್ಟು ವರ್ಷದಾಗೆ ಒಂದು ಫೋನಾದ್ರೂ ಮಾಡಬಾರದಿತ್ತಾ?"

ಓಂಕಾರ್ ತಲೆ ಕೆರೆದುಕೊಳ್ಳುತ್ತಾರೆ. "ನೀ ಬರ್ತೀನಿ ಅಂದಿದ್ಯಲ್ಲ. ಜ್ಞಾಪಿಸಿದ್ರೆ ನಿನ್ನ ಮಾತಿನ ಮ್ಯಾಲೆ ನಂಬಿಕೆ ಇಲ್ದಂಗೆ ಆಗ್ತೈತೆ. ದೊಡ್ಡೋನು ನೀನು. ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ."

ನಿನ್ನೆ ಸಂಜೆಯೂ ಈ ಬೈಕು ಜಗಳೂರಿಗೆ ಹೋಗಿ ಬಂದಿದೆ. ಹಿಂದೆ ಅನಿತಾ, ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ನಾಲ್ಕು ವರ್ಷದ ಮಗಳು ಚೈತ್ರಶ್ರೀ. ಟ್ಯಾಂಕಿನ ಮೇಲೆ ಕೂತ ಮಕ್ಕಳು ಗಾಳಿಗೆ ಹೇಗೆ ತೂಕಡಿಸುತ್ತವೆ ಎಂಬುದು ಹೆತ್ತವರಿಗೆಲ್ಲ ಗೊತ್ತು. ಆ ಮಗು ಹುಟ್ಟುವ ಮೊದಲೇ ಆ ಬಿಲ್ಲೆ ಅಲ್ಲಿತ್ತು.

ಬುಷ್ ಹಾಕಿ, ಬೋಲ್ಟು ಬದಲಿಸಿ, ಟೀ ಕುಡಿದು ಹೊರಟುಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಕೈಗುಣದ ಹೆಸರೂ ಹಾಗೇ ಇರುತ್ತಿತ್ತು. ಬೋಲ್ಟಿನ ತಲೆ, ಸವೆದ ಬೋಲ್ಟು, ನೀಲಿ ಚೂರು ಮೂರನ್ನೂ ಅವರು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಆಮೇಲೆ ಅನಿತಾರನ್ನು ಕರೆಯುತ್ತಾರೆ.

"ಇಲ್ ಬಾರವ್ವ, ನೋಡು." ಮುಷ್ಟಿ ಬಿಚ್ಚುತ್ತಾರೆ. "ಈ ಬೋಲ್ಟು ಮುರಿದೇ ಹೋಗೈತೆ. ಇದು ಇವತ್ತೋ ನಾಳೆನೋ ಹೋಗ್ತಿತ್ತು. ಹೋಗಿದ್ರೆ ಎಂಜಿನ್ ಕೆಳಗೆ ಜಾರಿ ಚೈನು ಹಿಂದಿನ ಗಾಲಿ ಹಿಡ್ಕೊಂತಿತ್ತು. ಮೂರೂ ಜನ ರೋಡಿಗೆ. ಈ ಚಪ್ಲಿ ತುಂಡು ಹಾಕಿದೋನು ನಾನು. ತೆಗಿತೀನಿ ಅಂದು ಬರ್ದೇ ಇದ್ದೋನೂ ನಾನೇ."

ಅನಿತಾ ಒಮ್ಮೆ ಬೋಲ್ಟಿನ ತಲೆಯನ್ನು, ಒಮ್ಮೆ ಇವರ ಮುಖವನ್ನು ನೋಡುತ್ತಾರೆ. ಕೈ ಬಾಯಿಗೆ ಹೋಗುತ್ತದೆ. ಒಳಗೆ ಚಾಪೆಯ ಮೇಲೆ ಮಲಗಿದ್ದ ಮಗಳನ್ನು ಎತ್ತಿಕೊಂಡು ಬಂದು, ಎದೆಗೆ ಒತ್ತಿಕೊಂಡೇ ಮಾತಾಡುತ್ತಾರೆ.

"ಅಲ್ಲಣ್ಣಾರೆ, ಇವ್ರಿಗೆ ಬುದ್ಧಿ ಇಲ್ಲ ಸರಿ. ನಿಮಗಾದ್ರೂ ಒಂದ್ ದಿನ ನೆಪ್ಪಾಗ್ಬಾರದಾ?"

"ಬೈಯವ್ವ. ಇನ್ನೂ ಬೈ."

"ಬೈದ್ರೆ ಏನ್ ಬಂತು. ಮೊದ್ಲು ರಿಪೇರಿ ಮಾಡ್ರಿ."

ಮುರಿದ ಬೋಲ್ಟಿನ ತುಂಡನ್ನು ಒಳಗಿಂದ ಹೊಡೆದು ತೆಗೆಯಲು ಒಂದು ಗಂಟೆ ಹಿಡಿಯುತ್ತದೆ. ಸುತ್ತಿಗೆಯ ಪೆಟ್ಟು ಎರಡು ಸಲ ಹೆಬ್ಬೆರಳಿಗೆ ಬೀಳುತ್ತದೆ. ಹದಿನೆಂಟು ವರ್ಷದ ಗ್ಯಾರೇಜಿನಲ್ಲಿ ಹಾಗೆ ಬಿದ್ದದ್ದು ಅವರಿಗೆ ನೆನಪಿಲ್ಲ. ಹೊಸ ಬುಷ್ ಕೂರಿಸುತ್ತಾರೆ. ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲೇ ತಿರುಗಿಸಿ, ತೂತುಗಳು ಸರಿಯಾಗಿ ಕೂತ ಮೇಲೆ ಒಂದೊಂದಾಗಿ ಬಿಗಿ ಮಾಡುತ್ತಾರೆ. ಇಟ್ಟಿಗೆ ತೆಗೆದು ಸ್ಟಾರ್ಟ್ ಮಾಡಿದರೆ ಹ್ಯಾಂಡಲ್ಲಿನಲ್ಲಿ ನಡುಕವೇ ಇಲ್ಲ.

"ತಿಂಗಳಿಗೊಂದು ಸಲ ಈ ನಾಕು ಬೋಲ್ಟು ನೋಡು. ನಾನೇ ಸಿಗಬೇಕು ಅಂತ ಕಾಯಬ್ಯಾಡ. ಯಾರು ಹತ್ರ ಅದಾರೋ ಅವರಿಗೆ ತೋರಿಸು," ಎಂದು ಓಂಕಾರ್‌ಗೆ ಹೇಳುತ್ತಾರೆ. "ಕೈಗುಣ ಅಂತ ಏನೂ ಇಲ್ಲ ಕಣಪ್ಪ. ರಬ್ಬರ್ ಇರಬೇಕು, ಬೋಲ್ಟ್ ಇರಬೇಕು, ಅಷ್ಟೇ."

ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ ನಾನು ನಿಮ್ಮ ಆಸೆ ಏನು ಎಂದು ಕೇಳಿದರೆ ತಿಪ್ಪೇಶಪ್ಪ ದೊಡ್ಡದೇನನ್ನೂ ಹೇಳುವುದಿಲ್ಲ. "ಹದಿಮೂರು ಮನಿಗೆ ಹೋಗಿದ್ದೆ ಅಂತ ಬರೀಬ್ಯಾಡ್ರಿ. ಹೋಗ್ದೇ ಇದ್ದ ಮನಿ ಬರೀರಿ. ಓದಿದೋರು ಎದ್ದು ಹೋಗಿ ತಮ್ಮ ಗಾಡಿ ಒಂದ್ಸಲ ಅಲುಗಾಡಿಸಿ ನೋಡ್ಲಿ."

ತಿಪ್ಪೇಶಪ್ಪ ಮೊಪೆಡ್ ಹತ್ತುವಾಗ ಓಂಕಾರ್ ಕೈ ಮುಗಿಯುತ್ತಾರೆ. "ತಡ ಆದ್ರೂ ಬಂದ್ಯಲ್ಲಣ್ಣ. ಮಾತು ಉಳಿಸ್ಕೊಂಡೆ."

"ಇಲ್ಲ," ಎನ್ನುತ್ತಾರೆ ತಿಪ್ಪೇಶಪ್ಪ.

ಒಂದು ತಿಂಗಳೊಳಗೆ ಬರುತ್ತೇನೆ ಎಂದಿದ್ದರು. ಬಂದದ್ದು ಐದು ವರ್ಷಕ್ಕೆ. ಮಾತು ತಪ್ಪಿತು.