ತಂಬಿಗೆ ಬ್ಯಾಟ್ರಿ

ಶಲವಡಿಯಿಂದ ಅಣ್ಣಿಗೇರಿಯ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೆ ಬೀರಲಿಂಗನ ಅಂಗಡಿ. ಸುಟ್ಟ ಪಂಪಸೆಟ್ ಮೋಟರಿಗೆ ತಂತಿ ಸುತ್ತುವುದು ಅವನ ಕಸುಬು. ಬ್ಯಾಟ್ರಿ ಕಟ್ಟುವುದು ಅವನ ಹುಚ್ಚು. ಆ ಸೀಮೆಯಲ್ಲಿ ಬ್ಯಾಟ್ರಿ ಎಂದರೆ ಕೈಯಲ್ಲಿ ಹಿಡಿಯುವ ಟಾರ್ಚು. ಪೇಟೆಯ ಟಾರ್ಚು ಎಲ್ಲರ ಕೈಗೆಂದು ಮಾಡಿದ್ದು, ಆದ್ದರಿಂದ ಯಾರ ಕೈಗೂ ಸರಿಯಾಗಿ ಕೂರುವುದಿಲ್ಲ ಎಂಬುದು ಅವನ ಸಿದ್ಧಾಂತ. ಕೇಳಿದವರ ಕೈ, ನಡಿಗೆ, ಕೆಲಸ ನೋಡಿಯೇ ಅವನು ಕಟ್ಟುತ್ತಿದ್ದ. ಕುರಿ ಕಾಯುವ ಮುದಕಪ್ಪನಿಗೆ ಕೋಲಿನ ತುದಿಯಲ್ಲಿ ಕೂರುವ ಬ್ಯಾಟ್ರಿ ಕಟ್ಟಿಕೊಟ್ಟಿದ್ದ. ಬಲಗೈ ಸೋತ ಹೊಲದ ಕಾವಲುಗಾರನಿಗೆ ಗದ್ದದಿಂದ ಒತ್ತಿ ಹಚ್ಚುವ ಬ್ಯಾಟ್ರಿ.

ಎಲ್ಲದರೊಳಗೂ ಒಂದೇ ಬಗೆಯ ಎಲ್‌ಇಡಿ ಇರುತ್ತಿತ್ತು. ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾದ ತಳದ ಮೇಲೆ ಬೆಳಕು ಕೊಡುವ ನಾಲ್ಕು ಚಿಪ್ಪುಗಳನ್ನು ಮೈಗೆ ಮೈ ತಾಗಿಸಿ ಕೂರಿಸಿದ್ದು. ಬೆಳಕು ಬಹಳ, ಕಾವು ಅದಕ್ಕಿಂತ ಬಹಳ. ಕಾವು ಹೊರಗೆ ಹೋಗದಿದ್ದರೆ ಚಿಪ್ಪು ಸುಟ್ಟುಹೋಗುತ್ತದೆ. ಅದನ್ನು ಎಲ್ಲಿಗೆ ಸಾಗಹಾಕಬೇಕು ಎಂಬ ಚಿಂತೆಯಲ್ಲಿ ಬೀರಲಿಂಗ ಊಟದ ತಟ್ಟೆಯ ಮುಂದೆಯೂ ಕೈ ಆಡಿಸದೆ ಕೂತುಬಿಡುತ್ತಿದ್ದ.

ಈ ಸಲದ ಚಳಿಗಾಲದ ಮೊದಲಲ್ಲಿ ಅವನ ತಾಯಿ ಸಾವಕ್ಕ ಬಿದ್ದಳು. ಮಬ್ಬುಗತ್ತಲೆಯಲ್ಲಿ ಓಣಿಯ ಹೆಂಗಸರೊಂದಿಗೆ ತಂಬಿಗೆ ಹಿಡಿದು ಬಯಲಿಗೆ ಹೋದವಳ ಕಾಲು ಎರೆನೆಲದ ಬಿರುಕಿನಲ್ಲಿ ಸಿಕ್ಕಿತ್ತು. ಪಾದ ಉಳುಕಿತ್ತಷ್ಟೆ. ಆದರೆ ಡಾಕ್ಟರು ಎಕ್ಸ್‌ರೇ ನೋಡಿ, "ಅಜ್ಜೀ, ನಿಮ್ಮ ಎಲುಬು ಹಪ್ಪಳ ಆಗ್ಯಾವ. ಇನ್ನೊಮ್ಮೆ ಬಿದ್ರ ಟೊಂಕ ಮುರೀತೈತಿ. ಆಮ್ಯಾಲೆ ಎದ್ದು ಅಡ್ಡಾಡೂ ಮಾತು ಬಿಡ್ರಿ" ಎಂದಿದ್ದರು.

ಹಿತ್ತಲಿನಲ್ಲಿ ಸಂಡಾಸು ಇತ್ತು. ಗಟ್ಟಿ ಗೋಡೆ, ತಗಡಿನ ಬಾಗಿಲು, ಒಳಗೆ ಮಾಳಿಗೆಯವರೆಗೂ ಒಟ್ಟಿದ ಸಗಣಿ ಕುಳ್ಳು. ಮಳೆ ಹನಿ ತಾಗದ ಅಂಥ ಜಾಗ ಮನೆಯಲ್ಲಿ ಇನ್ನೊಂದಿರಲಿಲ್ಲವಾದ್ದರಿಂದ ಒಲೆಗೆ ಬೇಕಾದದ್ದೆಲ್ಲ ಅಲ್ಲಿ ಬೆಚ್ಚಗಿತ್ತು.

"ಎವ್ವಾ, ಕುಳ್ಳು ತಗದು ತೊಳದು ಕೊಡ್ತೀನಿ, ಅಲ್ಲೇ ಹೋಗು" ಎಂದ ಬೀರಲಿಂಗ.

"ಹುಚ್ಚ ಅದೀಯೇನಲೇ? ಅಡಗಿಮನಿ ಬಾಜೂಕ ಕುಂದರೂದೇನು? ಕುಳ್ಳರ ಎಲ್ಲಿ ಇಡ್ಲಿ, ನಿನ್ನ ತಲಿಮ್ಯಾಲೆ?"

"ಹಂಗಾದ್ರ ಬ್ಯಾಟ್ರಿ ತಗೊಂಡು ಹೋಗು."

"ಯಾವ ಕೈಯಾಗ ಹಿಡೀಲಿ? ಒಂದರಾಗ ತಂಬಿಗಿ, ಒಂದರಾಗ ಸೀರಿ ನಿರಿಗಿ. ಮೂರನೇ ಕೈ ಮಾಡಿಕೊಡು, ಹಿಡೀತೀನಿ."

ಬೇರೆ ಮಗನಾಗಿದ್ದರೆ ಇದನ್ನು ಬೈಗುಳ ಎಂದುಕೊಂಡು ಸುಮ್ಮನಾಗುತ್ತಿದ್ದ. ಬೀರಲಿಂಗ ಇದನ್ನು ಗಿರಾಕಿ ಹೇಳಿದ ಅಳತೆ ಎಂದುಕೊಂಡ. ಗಿರಾಕಿಗೆ ಕೈ ಖಾಲಿಯಿಲ್ಲ. ಆದ್ದರಿಂದ ಕೈಯಲ್ಲಿರುವುದೇ ಬ್ಯಾಟ್ರಿ ಆಗಬೇಕು. ಕೈಯಲ್ಲಿರುವುದು ತಾಮ್ರದ ತಂಬಿಗೆ, ಅದರ ತುಂಬ ನೀರು. ಕಾವನ್ನು ಎಳೆದುಕೊಳ್ಳಲು ತಾಮ್ರದಂಥ ಲೋಹ ಸುಲಭಕ್ಕೆ ಸಿಗುವುದಿಲ್ಲ. ಎಳೆದ ಕಾವನ್ನು ಇಟ್ಟುಕೊಳ್ಳಲು ನೀರಿನಂಥ ಪದಾರ್ಥವೂ ಇಲ್ಲ. ಇಷ್ಟು ವರ್ಷ ತಾನು ಹುಡುಕುತ್ತಿದ್ದ ಬ್ಯಾಟ್ರಿಯನ್ನು ಅವ್ವ ದಿನಾ ಸಂಜೆ ಹಿಡಿದುಕೊಂಡು ಹೋಗುತ್ತಿದ್ದಳಲ್ಲ ಎಂದು ಅವನಿಗೆ ಮೈ ಜುಮ್ಮೆಂದಿತು.

ಪಾತ್ರೆಗೆ ಕಲಾಯಿ ಹಾಕುವ ಮಶಾಕಸಾಬನ ಮುಂದೆ ತಂಬಿಗೆ ಇಟ್ಟ. ಮಶಾಕಸಾಬ ಕೇಳಿದ್ದೆಲ್ಲ ಕೇಳಿ ತಿದಿ ಒತ್ತುವುದನ್ನು ನಿಲ್ಲಿಸಿದ.

"ನಮ್ಮ ಅಜ್ಜ ಕಲಾಯಿ ಹಾಕ್ಯಾನ, ಅಪ್ಪ ಹಾಕ್ಯಾನ, ನಾನೂ ಹಾಕೀನಿ. ತಂಬಿಗಿಗೆ ಹೆಡ್‌ಲೈಟ್ ಹಾಕಿದಾಂವ ನಮ್ಮ ವಂಶದಾಗ ಯಾರೂ ಇಲ್ಲಪಾ."

"ನೀವ ಮೊದಲಿನವ್ರು ಆಗ್ರಿ ಕಾಕಾ."

"ಹಾರ್ನ್ ಬ್ಯಾಡೇನು?"

ತಂಬಿಗೆಯ ಹೊಟ್ಟೆಯನ್ನು ಒಂದು ಕಡೆ ಸಪಾಟ ಮಾಡಿ, ಎಲ್‌ಇಡಿಯನ್ನು ನೇರವಾಗಿ ತಾಮ್ರಕ್ಕೇ ಬೆಸೆದರು. ಅಡಿಯಲ್ಲಿ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಸೆಲ್ಲುಗಳು. ನಿರಿಗೆ ಹಿಡಿದ ಕೈ ಬಿಡುವಂತಿಲ್ಲವಾದ್ದರಿಂದ ಬಟನ್ನು ಡಬ್ಬಿಯ ತಳದಲ್ಲಿ. ತಂಬಿಗೆಯನ್ನು ಹೊಸ್ತಿಲ ಮೇಲೆ ಒಮ್ಮೆ ಊರಿ ಎತ್ತಿದರೆ ದಾರಿಗೆ ಸಾಕಾಗುವ ಸಣ್ಣ ಬೆಳಕು. ಮತ್ತೊಮ್ಮೆ ಊರಿದರೆ ಪೂರ್ತಿ ಬೆಳಕು. ಇನ್ನೊಮ್ಮೆ ಊರಿದರೆ ಆಪತ್ತಿಗೆಂದು ಮಿಣಮಿಣ. ಆಮೇಲೆ ಬಂದ್.

ಪರೀಕ್ಷೆಗಾಗಿ ಬೀರಲಿಂಗ ತಾನೇ ಮಧ್ಯಾಹ್ನ ತಂಬಿಗೆ ಹಿಡಿದು ಓಣಿಯಲ್ಲಿ ಅಡ್ಡಾಡಿದ. ತಂಬಿಗೆ ಹಿಡಿದು ಹೊರಟವನನ್ನು ತಡೆದು ಮಾತನಾಡಿಸುವ ಪದ್ಧತಿ ಆ ಊರಿನಲ್ಲಿಲ್ಲ. ಎದುರು ಬಂದವರೆಲ್ಲ ಗೋಡೆಯ ಕಡೆ ಮುಖ ಮಾಡಿ ದಾರಿ ಬಿಟ್ಟರು. ಹೋದ, ಬಂದ, ನೀರಿಗೆ ಬೆರಳು ಅದ್ದಿ ನೋಡಿದ, ಮತ್ತೆ ಹೋದ. ಸಂಜೆಯೊಳಗೆ ಮೂರು ಮನೆಯಿಂದ ಮಜ್ಜಿಗೆ ಬಂತು, ಒಂದು ಮನೆಯಿಂದ ದಾಳಿಂಬೆ ಸಿಪ್ಪೆಯ ಕಷಾಯ. ನೀರು ಉಗುರುಬೆಚ್ಚಗಾಗಿತ್ತು, ಚಿಪ್ಪು ಸುಟ್ಟಿರಲಿಲ್ಲ. ಅಷ್ಟು ಸಾಕು ಎಂದು ಅವನು ಕಷಾಯವನ್ನೂ ಕುಡಿದ.

ಮರುದಿನ ಸಂಜೆ ಸಾವಕ್ಕ ತಂಬಿಗೆಯನ್ನು ಹೊಸ್ತಿಲಿಗೆ ಊರಿ, ಬೆಳಕು ಬಂದುದಕ್ಕೆ ಮೂಗು ಮುರಿದು, ಸೊಸೆ ಭಾಗ್ಯಾಳೊಂದಿಗೆ ಹೊರಟಳು. ಬೀರಲಿಂಗ ಮಾಳಿಗೆ ಹತ್ತಿ ನಿಂತ. ದೂರದಿಂದ ಅವನಿಗೆ ಕಂಡದ್ದು ಬೆಳಕೊಂದೇ. ಅದು ಜೋಳದ ಹೊಲದ ಬದುವಿನಗುಂಟ ಎಲ್ಲೂ ಅಲುಗದೆ, ಎಡವದೆ ಸಾಗುತ್ತಿತ್ತು. ಅವನ ಎದೆ ತುಂಬಿತು. ಬೆಳಕು ನಿಂತಿತು. ಕೆಳಗಿಳಿಯಿತು. ಕೂಡಲೇ ಹೊಲವೆಲ್ಲ ಹಗಲಾಯಿತು.

ತಂಬಿಗೆಯನ್ನು ನೆಲಕ್ಕಿಟ್ಟೇ ಕೂರುತ್ತಾರೆ ಎಂಬ ಒಂದು ಮಾತನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಾಲಾಗಿ ಕೂತಿದ್ದ ಹೆಂಗಸರು, ರಸ್ತೆಯಲ್ಲಿ ಲಾರಿ ಬಂದಾಗ ಏಳುವಂತೆ, ಒಟ್ಟಿಗೆ ಎದ್ದು ನಿಂತರಂತೆ. ಲಾರಿಯಾದರೆ ದಾಟಿ ಹೋಗುತ್ತದೆ. ಇದು ಹೋಗಲಿಲ್ಲ. ಸಾವಕ್ಕ ಗಾಬರಿಯಿಂದ ತಂಬಿಗೆ ಎತ್ತಿ ಕುಕ್ಕಿದಳು. ಬೆಳಕು ಮಿಣಮಿಣ ಎನ್ನತೊಡಗಿತು. ಮಾಳಿಗೆಯ ಮೇಲೆ ಬೀರಲಿಂಗ, ಅವ್ವ ಮೂರೂ ಬೆಳಕನ್ನು ಕಲಿತುಬಿಟ್ಟಳಲ್ಲ ಎಂದು ಬೆರಗಾದ. ಅಷ್ಟರಲ್ಲಿ ಹೊಲದಿಂದ ಬೈಗುಳ ಕೇಳಿಸತೊಡಗಿತು, ಮೊದಲು ಸಣ್ಣಗೆ, ಆಮೇಲೆ ಹೆಸರು ಹಿಡಿದು.

ಎಲ್ಲರ ಮುಂದೆ ರೇವವ್ವ ಬಂದಳು. ಸಾವಕ್ಕನ ಬಾಲ್ಯದ ಗೆಳತಿ, ಒಂದೇ ಊರಿನಿಂದ ಇಲ್ಲಿಗೆ ಮದುವೆಯಾಗಿ ಬಂದವರು.

"ಏ ಬೀರ್ಯಾ, ಇಳೀಲೇ ಕೆಳಗ! ಕತ್ತಲ್ಯಾಗ ಹೋಗೂದು ಯಾಕಂತ ತಿಳದಿದ್ದಿ? ದಾರಿ ಕಾಣೂದಿಲ್ಲಂತ ಅಲ್ಲ, ನಾವು ಕಾಣಬಾರದಂತ!"

"ತಪ್ಪಾತು ಕಾಕಿ, ಬಟನ್ ಬದಲಿ ಮಾಡ್ತೀನಿ."

"ಬಟನ್ ಅಂತ ಬಟನ್! ಸಾವೀ, ನಾಳಿಂದ ನಮ್ಮ ಜೋಡಿ ಬರಬ್ಯಾಡ ಬೇ ನೀ."

ಮರುದಿನದಿಂದ ಸಾವಕ್ಕ ರೊಟ್ಟಿ ಬೇಡವೆಂದಳು. ನೀರನ್ನೂ ಬಾಯಿ ತೇವ ಮಾಡುವಷ್ಟೇ ಕುಡಿದಳು.

"ತಿಂದ್ರ ಹೋಗಬೇಕಾಗ್ತೈತಿ. ಅದಕ್ಕ ತಿನ್ನೂದ ಬಿಟ್ಟಾರ" ಎಂದಳು ಭಾಗ್ಯಾ. "ಅತ್ತೀ ಬೀಳಬಾರದಂತ ಬ್ಯಾಟ್ರಿ ಕಟ್ಟಿದ್ರಿ. ಈಗ ಕುಂತಲ್ಲೇ ಬೀಳ್ತಾರ. ಕುಳ್ಳು ತಗೀರಿ, ನಾ ಹೇಳೂದು ಕೇಳ್ರಿ."

ಬೀರಲಿಂಗ ಅಂಗಡಿಯ ಕೆಲಸ ಬಿಟ್ಟು ಕುಳ್ಳು ಹೊತ್ತ. ಮೋಟರುಗಳನ್ನೆಲ್ಲ ಮನೆಯ ಅಂಗಳಕ್ಕೆ ತಂದು, ಅಂಗಡಿಯನ್ನೇ ಕುಳ್ಳಿಗೆ ಬಿಟ್ಟುಕೊಟ್ಟ. ಸಂಡಾಸನ್ನು ತೊಳೆದು ಸುಣ್ಣ ಬಳಿದ. ಹಿಡಿದು ಏಳಲು ಗೋಡೆಗೆ ಪೈಪು ಕೂರಿಸಿದ. ಒಳಗೆ ಕರೆಂಟ್ ಇರಲಿಲ್ಲವಾದ್ದರಿಂದ ತಂಬಿಗೆ ಊರಿ ಇಟ್ಟ. ಸಾವಕ್ಕ ಬಾಗಿಲವರೆಗೆ ಬಂದು ನೋಡಿದಳು.

"ಅಗದಿ ಚಲೋ ಮಾಡಿಯಪಾ. ಆದ್ರ ಒಳಗ ಒಬ್ಬಾಕಿನ ಕುಂತು ಯಾರ ಜೋಡಿ ಮಾತಾಡ್ಲಿ? ಮನ್ಯಾಗ ಆಡಾಕ ಆಗದ್ದೆಲ್ಲ ಅಲ್ಲೇ ಆಡ್ತಿದ್ವಿ ನಾವು."

ಅವ್ವನಿಗೆ ಕಾಲಿಗಿಂತ ಬೇರೇನೋ ನೋಯುತ್ತಿದೆ ಎಂದಷ್ಟೇ ಬೀರಲಿಂಗನಿಗೆ ತಿಳಿಯಿತು. ತಿಳಿದದ್ದೇ ರೇವವ್ವನ ಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತ.

"ಕಾಕಿ, ಅವ್ವ ಉಣ್ಣವಲ್ಲಳು. ನೀ ಒಮ್ಮೆ ಬಾ."

ರೇವವ್ವ ಬಹಳ ಹೊತ್ತು ಜೋಳ ಕೇರಿದಳು. ಆಮೇಲೆ ದನಿ ಇಳಿಸಿ, "ಅವತ್ತು ಗದ್ದಲದಾಗ ನನ್ನ ತಂಬಿಗಿ ಉರುಳಿತ್ತು. ಆಕಿ ನೀರ ತಗೊಂಡೆ. ಬೆಳಕು ಸುಟ್ಟು ಹೋಗ್ಲಿ, ನೀರು ಮಾತ್ರ... ಈ ಥಂಡ್ಯಾಗ ಅಗದಿ ಹಿತ ಆತು ನೋಡು" ಎಂದಳು.

ಆ ಸಂಜೆಯೇ ಅವಳು ಹಿತ್ತಲ ಬಾಗಿಲಿಗೆ ಬಂದಳು, ಜೊತೆಗೆ ಉಳಿದವರೂ ಬಂದರು. ಒಬ್ಬಳು ಒಳಗೆ, ಮಿಕ್ಕವರು ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಬೆಚ್ಚಗಿನ ನೀರಿನ ಸರದಿಗೆ ಸಣ್ಣ ಜಗಳವೂ ಆಯಿತು. ಎಲ್ಲರಿಗೂ ಅಂಥದೇ ತಂಬಿಗೆ ಬೇಕಾಯಿತು.

"ಕಟ್ಟಿಕೊಡ್ತೀನಿ. ದೊಡ್ಡ ಬೆಳಕು ಬೇಕೋ, ಸಣ್ಣದೋ?" ಎಂದ ಬೀರಲಿಂಗ.

"ಬೆಳಕ ಬ್ಯಾಡ" ಎಂದಳು ರೇವವ್ವ.

"ಅಲ್ಲ ಕಾಕಿ, ಬೆಳಕಿಲ್ಲದ್ದು ಬ್ಯಾಟ್ರಿ ಹೆಂಗಾಗ್ತೈತಿ? ನೀರು ಕಾಯಬೇಕಂದ್ರ ಒಲಿ ಐತಿ, ಕರೆಂಟಿನ ಕಾಯಿಲ್ ಐತಿ."

"ಒಲಿ ಹೊತ್ತುಕೊಂಡು ಹೋಗಾಕ ಬರ್ತೈತೇನಲೇ? ಬ್ಯಾಟ್ರಿನ ಬೇಕು. ಹತ್ತಬಾರದು ಅಷ್ಟ."

ಬೀರಲಿಂಗ ಯೋಚಿಸಿದ. ಎಲ್‌ಇಡಿಯ ಮೇಲೆ ತಾಮ್ರದ ಮುಚ್ಚಳ ಬೆಸೆದರೆ ಬೆಳಕು ಹೊರಗೆ ಬಾರದು. ಹೊರಗೆ ಬಾರದ ಬೆಳಕೂ ಕಾವೇ ಆಗಿ ನೀರಿಗೆ ಸೇರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೇ ಅವನಿಗೆ ಇನ್ನಷ್ಟು ಸಂಕಟವಾಯಿತು.

"ಕೆಟ್ಟರ ಹೆಂಗ ಗೊತ್ತಾಗ್ತೈತಿ ನಿಮಗ?"

"ನೀರಾಗ ಕೈ ಇಟ್ಟು ನೋಡ್ತೀವಿ. ನಡಿ ಇನ್ನ."

ಅಷ್ಟರಲ್ಲಿ ತಗಡಿನ ಬಾಗಿಲಿನ ಒಳಗಿಂದ ಸಾವಕ್ಕನ ದನಿ ಗಟ್ಟಿಯಾಗಿ ಕೇಳಿತು. "ರೇವೀ, ಆ ಮೊರಬದ ಬೀಗ್ತಿ ಆಮ್ಯಾಲೆ ಏನಂದಳಬೇ? ಅವತ್ತು ಅರ್ಧಕ್ಕ ಬಿಟ್ಟಿ ನೋಡು. ಭಾಗ್ಯಾ, ನನಗ ಎರಡು ರೊಟ್ಟಿ ತಗದಿಡು."

ರೇವವ್ವ ಬಾಯಿ ತೆರೆದವಳು ಬೀರಲಿಂಗ ಇನ್ನೂ ನಿಂತದ್ದನ್ನು ಕಂಡು ತಡೆದಳು. ಕಲ್ಲಿನ ಮೇಲಿದ್ದವರೆಲ್ಲ ಅವನನ್ನೇ ನೋಡಿದರು. ಅವನು ಹಿತ್ತಲ ಬಾಗಿಲು ಎಳೆದುಕೊಂಡು, ಮಾತು ಕೇಳಿಸದಷ್ಟು ದೂರ ಹೋಗಿ ಅಂಗಳದ ಮೋಟರುಗಳ ನಡುವೆ ಕೂತ.